ಬೇಳೆ ಬೆಂದ ನೀರು

ಹೆಣ್ಣು ನೋಡಲು ಬಂದ ದಿನ ನನ್ನ ಅತ್ತೆ ನನ್ನ ಮುಖವನ್ನೇ ನೋಡಲಿಲ್ಲ. ಕಂಪ್ಲಿಯ ನಮ್ಮ ಮನೆಯ ಪಡಸಾಲೆಯಲ್ಲಿ ಗಂಡಿನ ಕಡೆಯವರೆಲ್ಲ ಚಾಪೆಯ ಮೇಲೆ ಕೂತು ಉಪ್ಪಿಟ್ಟು ತಿನ್ನುತ್ತಿದ್ದರು. ಅತ್ತೆ ಮಾತ್ರ ತಟ್ಟೆ ಕೆಳಗಿಟ್ಟು ಸೀದಾ ಅಡುಗೆಮನೆಗೆ ಬಂದರು, ಸೆರಗಿನ ತುದಿಯ ಗಂಟು ಬಿಚ್ಚಿದರು, ಒಂದು ಹಿಡಿ ತೊಗರಿಬೇಳೆ ಹೊರತೆಗೆದರು.

"ಒಲಿ ಮ್ಯಾಲೆ ಒಂದು ತಪ್ಪಲಿ ನೀರು ಇಡ್ರಿ" ಎಂದರು ನನ್ನ ಅವ್ವನಿಗೆ.

ಅವ್ವನಿಗೆ ಗಾಬರಿಯಾಯಿತು. "ಏನಾರ ಕಮ್ಮಿ ಆತೇನ್ರೀ ಅಕ್ಕಾರ?"

"ಕಮ್ಮಿ ಏನಿಲ್ರಿ. ನಿಮ್ಮ ನೀರು ನೋಡಬೇಕು." ಆಮೇಲೆ ನನ್ನ ಕಡೆ ತಿರುಗಿ, "ನೀ ರೊಟ್ಟಿ ಬಡಿ ತಂಗಿ, ಒಂದಾದ ಮ್ಯಾಲೆ ಒಂದು" ಎಂದರು.

ನನ್ನ ರೊಟ್ಟಿಯ ಪರೀಕ್ಷೆ ನಡೆಯುತ್ತಿದೆ ಎಂದೇ ನಾನು ತಿಳಿದೆ. ಜೀವ ಬಿಟ್ಟು ಬಡಿದೆ. ಮೊದಲ ನಾಲ್ಕು ಚಂದ್ರನ ಹಾಗೆ ಬಂದವು; ಐದನೆಯದು ಯಾವುದೋ ರಾಜ್ಯದ ನಕ್ಷೆಯಂತಾಯಿತು. ಎಂಟನೆಯದು ಹಂಚಿನ ಮೇಲೆ ಬಿದ್ದಾಗ ಅವರು ತಪ್ಪಲೆಯಿಂದ ಒಂದು ಬೇಳೆ ಎತ್ತಿ ಹೆಬ್ಬೆರಳು ತೋರುಬೆರಳುಗಳ ನಡುವೆ ಒತ್ತಿದರು. ಅದು ಬೆಣ್ಣೆಯಂತೆ ಚಪ್ಪಟೆಯಾಯಿತು. ಅವರ ಮುಖ ಅರಳಿತು. ಪಡಸಾಲೆಗೆ ಹೋಗಿ, "ಎಂಟು ರೊಟ್ಟಿ ನೀರು ಐತಿ. ಇಂಥಾ ನೀರು ಕುಡದು ಬೆಳದಾಕಿ ಚಲೋನ ಇರ್ತಾಳ. ಮಾತು ಮುಗಸ್ರಿ" ಎಂದರು. ನನ್ನ ಮದುವೆ ನಿಶ್ಚಯವಾದದ್ದು ಹೀಗೆ. ತುಂಗಭದ್ರೆಯ ನೀರನ್ನು ಒಪ್ಪಿಕೊಂಡರು, ಅದರ ಜೊತೆಗೆ ನಾನೂ ಹೋದೆ. ಈ ವಿಷಯದಲ್ಲಿ ನನ್ನ ಗಂಡನನ್ನು ಈಗಲೂ ಕಾಡಿಸುತ್ತೇನೆ.

ಇದನ್ನೆಲ್ಲ ಬರೆಯಲು ಕೂತದ್ದು ನನ್ನ ಮಗಳ ಹಲ್ಲಿನ ಕಾರಣಕ್ಕೆ. ಅವಳು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ. ನೋಡಿದವರು ನಾಚಿಕೆಯ ಹುಡುಗಿ ಎನ್ನುತ್ತಾರೆ. ನಾಚಿಕೆ ಅವಳದಲ್ಲ, ನಮ್ಮದು. ನನ್ನದು ಮತ್ತು ನನ್ನ ಅತ್ತೆಯದು.

ಗಂಡನ ಊರು ಗಾದಿಗನೂರು ದಾಟಿ, ಸಂಡೂರಿನ ಗುಡ್ಡಗಳು ಕಣ್ಣಿಗೆ ಬೀಳುವ ಕಡೆ ಇತ್ತು. ಹೆದ್ದಾರಿಯ ಪಕ್ಕದಲ್ಲಿ ನನ್ನ ಗಂಡನ ಪಂಕ್ಚರ್ ಅಂಗಡಿ, ಅದರ ಹಿಂದಿನ ಓಣಿಯಲ್ಲಿ ಮನೆ. ಓಣಿಯ ಕೊನೆಯಲ್ಲಿ ಒಂದು ಹಳೆಯ ಮೆಟ್ಟಿಲ ಬಾವಿ. ಹೊಸಪೇಟೆ ಹತ್ತಿರದ ಮಲಪನಗುಡಿಯ ಬಾವಿಯಷ್ಟು ದೊಡ್ಡದಲ್ಲ, ಕಟ್ಟಿಸಿದವರು ಯಾರೆಂದು ಯಾರಿಗೂ ಗೊತ್ತಿಲ್ಲ. ಆ ಓಣಿಯಲ್ಲಿ ಕುಡಿಯುವ ನೀರಿನ ಬಗ್ಗೆ ಕೊನೆಯ ಮಾತು ನನ್ನ ಅತ್ತೆಯದು. ಯಾರೇ ಹೊಸ ಬಾವಿ ತೆಗೆಸಲಿ, ಯಾವುದೇ ಕೈಪಂಪಿನ ನೀರು ರುಚಿ ಬದಲಾಯಿಸಲಿ, ಹೆಂಗಸರು ಒಂದು ತಂಬಿಗೆಯಲ್ಲಿ ನೀರು ತಂದು ನಮ್ಮ ಕಟ್ಟೆಯ ಮೇಲೆ ಇಡುತ್ತಿದ್ದರು. ಅತ್ತೆ ಅದೇ ಹಿತ್ತಾಳೆ ತಪ್ಪಲೆ, ಅದೇ ಒಂದು ಹಿಡಿ ಬೇಳೆ, ಅದೇ ಮೂರು ಕಲ್ಲಿನ ಒಲೆಯಲ್ಲಿ ಕುದಿಯಲು ಇಟ್ಟು ರೊಟ್ಟಿ ಬಡಿಯುತ್ತ ಕೂರುತ್ತಿದ್ದರು. ಎಂಟು ರೊಟ್ಟಿಯೊಳಗೆ ಬೇಳೆ ಬೆಂದರೆ ಮಕ್ಕಳಿಗೂ ಕುಡಿಸಬಹುದಾದ ನೀರು. ಹನ್ನೆರಡಾದರೆ ದೊಡ್ಡವರಿಗೆ. ಅದಕ್ಕೂ ಮೇಲೆ ಹೋದರೆ ದನಕ್ಕೆ, ಬಟ್ಟೆಗೆ. ಅವರ ತಾಯಿಯೂ ಹೀಗೇ ನೋಡುತ್ತಿದ್ದರಂತೆ, ತಾಯಿಯ ತಾಯಿಯೂ. ನನಗೆ ಇದು ಬಹಳ ಇಷ್ಟವಾಗಿತ್ತು ಎಂಬುದನ್ನು ಒಪ್ಪಿಕೊಳ್ಳಬೇಕು. ಗಡಿಯಾರ ನೋಡದೆ ರೊಟ್ಟಿಯ ಸದ್ದಿನಲ್ಲಿ ಹೊತ್ತು ಅಳೆಯುವವರ ಮನೆಗೆ ಸೊಸೆಯಾಗಿ ಬಂದೆನಲ್ಲ ಎಂದು ಹೆಮ್ಮೆಯೂ ಇತ್ತು.

ನಾನು ಬಂದ ಮೊದಲ ವರ್ಷ ಹಳೇ ಬಾವಿಯದು ಹತ್ತು ರೊಟ್ಟಿಯ ನೀರು. ಮಳೆ ಹಿಡಿದ ಮೇಲೆ ಎಂಟಕ್ಕೆ ಇಳಿಯುತ್ತಿತ್ತು. ಸಂಜೆಯ ಹೊತ್ತು ಮೆಟ್ಟಿಲ ಮೇಲೆ ಕೊಡ ಇಟ್ಟು ಕೂತರೆ ಒಳಗಿನ ತಂಪು ಕಾಲಿಗೆ ತಾಗುತ್ತಿತ್ತು, ಪಾರಿವಾಳಗಳು ಕಲ್ಲಿನ ಸಂದಿಯಲ್ಲಿ ಗುಟುರು ಹಾಕುತ್ತಿದ್ದವು. ಕಾಲುವೆಯ ದಂಡೆಯಲ್ಲಿ ಬೆಳೆದ ನನಗೆ ಬಾವಿಯ ನೀರು ಎಂದರೆ ಮಾತಾಡದ ನೀರು ಅನಿಸುತ್ತಿತ್ತು. ಕಂಪ್ಲಿಯಲ್ಲಿ ಬೆಳಗಿನ ಜಾವ ಏಳುವ ಮೊದಲೇ ಕಾಲುವೆ ಕಿವಿಯಲ್ಲಿ ಹರಿಯುತ್ತಿರುತ್ತದೆ. ಇಲ್ಲಿ ಅರೆನಿದ್ರೆಯಲ್ಲಿ ಅದೇ ಸದ್ದು ಕೇಳಿದಂತಾಗಿ ಕಣ್ಣು ಬಿಟ್ಟರೆ ಅದು ಲಾರಿಗಳು ಸಾಲಾಗಿ ಹೋಗುವ ಸದ್ದಾಗಿರುತ್ತಿತ್ತು. ಎಷ್ಟೋ ದಿನ ನಾನು ಎಚ್ಚರವಾದ ಮೇಲೂ ಕಣ್ಣು ಮುಚ್ಚಿಕೊಂಡೇ ಅದನ್ನು ನೀರು ಎಂದುಕೊಂಡು ಮಲಗಿರುತ್ತಿದ್ದೆ.

ಆಮೇಲೆ ಎಲ್ಲ ಕೆಂಪಾಯಿತು. ಗುಡ್ಡದ ಅದಿರಿಗೆ ಎಲ್ಲಿಲ್ಲದ ಬೇಡಿಕೆ ಬಂದ ವರ್ಷಗಳು ಅವು. ಲಾರಿಗಳ ಸಾಲು ಹರಿಯುವುದು ನಿಲ್ಲಲೇ ಇಲ್ಲ. ನಮ್ಮ ಬಿಳಿ ಎತ್ತು ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ದುಂಡುಮಲ್ಲಿಗೆ ಕೆಂಪಾಗಿಯೇ ಬಿರಿಯುತ್ತಿತ್ತು, ಮುಡಿದರೆ ಮಾತ್ರ ಅದೇ ಪರಿಮಳ. ಒಗೆದು ಹಾಕಿದ ಬಿಳಿ ಪಂಚೆ ಒಣಗುವಷ್ಟರಲ್ಲಿ ತಿಳಿಗುಲಾಬಿ. ಆ ಕಾಲವನ್ನು ನೆನೆದರೆ ಈಗಲೂ ಎಲ್ಲವೂ ಹೊತ್ತು ಮುಳುಗುವಾಗ ನಡೆದಂತೆ ತೋರುತ್ತದೆ, ನಡುಮಧ್ಯಾಹ್ನದ ಸಂಗತಿಗಳೂ ಕೂಡ. ನನ್ನ ಮಗಳು ಹುಟ್ಟಿದ್ದು ಆ ಬೆಳಕಿನಲ್ಲಿಯೇ.

ಕೆಂಪಿಗೆ ಜನ ಹೊಂದಿಕೊಂಡರು. ಹೊಂದಿಕೊಳ್ಳಲಾಗದೆ ಹೋದದ್ದು ಮಳೆಗೆ. ಅತ್ತೆಗೆ ಮಳೆ ಎಂದರೆ ಹೆಸರಿರುವ ನೆಂಟರು. ರೋಹಿಣಿ ಇಂತಿಷ್ಟು ದಿನಕ್ಕೆ, ಮೃಗಶಿರಾ ಇಂತಿಷ್ಟಕ್ಕೆ, ಆಮೇಲೆ ಆರಿದ್ರಾ. ಬರಬೇಕಾದವರು ಬಾರದಿದ್ದರೆ ಅವರು ಬಾಗಿಲಲ್ಲಿ ನಿಂತು ಗುಡ್ಡದ ಕಡೆ ನೋಡುತ್ತ, "ಮಿರಗ ಎಲ್ಲಿ ಹೋತೋ ಏನೋ, ಹಾದಿ ತಪ್ಪೇತಿ" ಎನ್ನುತ್ತಿದ್ದರು. ಒಂದು ವರ್ಷ ಹಾದಿ ತಪ್ಪಿತು, ಮರುವರ್ಷವೂ ತಪ್ಪಿತು. ಬಂದರೆ ಯಾವುದೋ ಹೆಸರಿಲ್ಲದ ದಿನ ಒಮ್ಮೆಗೇ ಬಂದು, ಸಿಪ್ಪೆ ಸುಲಿದ ಗುಡ್ಡದ ಮೇಲಿಂದ ಕೆಂಪಗೆ ಇಳಿದು, ರಸ್ತೆಯಲ್ಲಿ ಹರಿದು, ನೆಲದೊಳಗೆ ಒಂದು ಗುಟುಕೂ ಇಳಿಯದೆ ಹೋಗಿಬಿಡುತ್ತಿತ್ತು. ಬೇಸಿಗೆ ಮಾತ್ರ ವರ್ಷದಿಂದ ವರ್ಷಕ್ಕೆ ಕಾಲು ಚಾಚಿಕೊಂಡು ಕೂರುತ್ತಿತ್ತು. ಹಳೇ ಬಾವಿಯ ನೀರು ಮೊಣಕಾಲುದ್ದಕ್ಕೆ ಇಳಿಯಿತು. ಅದರ ಮೇಲೆ ಕೆಂಪು ಧೂಳು ಕೆನೆಗಟ್ಟಿತು. ಅತ್ತೆ ತಪ್ಪಲೆ ಇಟ್ಟರು. ಹನ್ನೆರಡು ರೊಟ್ಟಿ, ಹದಿನಾರು ರೊಟ್ಟಿ. ಹಿಟ್ಟು ಮುಗಿಯಿತು, ಬೇಳೆ ಮಾತ್ರ ಬೆರಳ ನಡುವೆ ಹರಳಿನಂತೆ ಉರುಳಿತು. "ಈ ನೀರು ಸತ್ತೈತಿ" ಎಂದು ಅವರು ತಪ್ಪಲೆ ಬೋರಲು ಹಾಕಿದರು.

ಆಗ ನನ್ನ ಮಗಳು ಗೋಡೆ ಹಿಡಿದು ಹೆಜ್ಜೆ ಇಡಲು ಕಲಿಯುತ್ತಿದ್ದಳು. ಅವಳಿಗೆ ಏನು ಕುಡಿಸುವುದು ಎಂಬುದೇ ದಿನವಿಡೀ ನನ್ನ ತಲೆಯಲ್ಲಿ ಇರುತ್ತಿತ್ತು. ಹೆದ್ದಾರಿಯ ಆಚೆ ಲಾರಿ ಮಾಲೀಕರೊಬ್ಬರು ಗಾಡಿ ತೊಳೆಯಲು ಬಹಳ ಆಳದ ಬೋರು ಕೊರೆಸಿದರು. ಒಳ್ಳೆಯ ಮನುಷ್ಯ. ಓಣಿಯವರ ಪಾಡು ನೋಡಿ ಕಾಂಪೌಂಡಿನ ಹೊರಗೆ ಒಂದು ನಲ್ಲಿ ಹಾಕಿಸಿ, ಎಷ್ಟು ಬೇಕಾದರೂ ಹಿಡಿದುಕೊಳ್ಳಿ ಎಂದರು. ಮೊದಲ ದಿನ ಎಲ್ಲರೂ ಕೊಡದೊಳಗೆ ಬಗ್ಗಿ ಬಗ್ಗಿ ಆ ನೀರು ನೋಡಿದರು. ಅಷ್ಟು ತಿಳಿಯಾಗಿತ್ತು. ಕೊಡದ ತಳದ ನೆಗ್ಗು ಕೂಡ ಕಾಣುತ್ತಿತ್ತು. ಆದರೂ ಯಾರೂ ಕುಡಿಯಲಿಲ್ಲ, ತಂಬಿಗೆ ತುಂಬಿ ನಮ್ಮ ಕಟ್ಟೆಗೆ ತಂದರು.

ಆ ದಿನ ರೊಟ್ಟಿ ಬಡಿದದ್ದು ನಾನು. ಓಣಿಯ ಹೆಂಗಸರೆಲ್ಲ ಸುತ್ತ ಕೂತಿದ್ದರು. ನಾಲ್ಕು ಆಯಿತು, ಐದು ಆಯಿತು. ಆರನೆಯ ರೊಟ್ಟಿ ಹಂಚಿಗೆ ಬೀಳುವ ಮೊದಲೇ ಬೇಳೆ ಒಡೆದು, ಕರಗಿ, ಬಂಗಾರದ ಬಣ್ಣದ ಗಂಜಿಯಾಗಿ ತಪ್ಪಲೆಯ ಅಂಚಿಗೆ ಉಕ್ಕಿತು. ಅತ್ತೆ ಒಂದು ಬೇಳೆ ಎತ್ತಲು ಹೋದರು, ಸೌಟಿಗೆ ಇಡೀ ಬೇಳೆ ಒಂದೂ ಸಿಗಲಿಲ್ಲ. ಅವರ ಕಣ್ಣಲ್ಲಿ ನೀರು ಬಂತು.

"ಆರು ರೊಟ್ಟಿ! ನಮ್ಮವ್ವನ ಕಾಲದಾಗೂ ಇಂಥಾ ನೀರು ಕಂಡಿಲ್ಲ. ಕೂಸುಗಳಿಗೆ ಮೊದಲು ಕುಡಸ್ರಿ" ಎಂದರು.

ಮೊದಲು ಕುಡಿದದ್ದು ನನ್ನ ಮಗಳು. ಬೆಳ್ಳಿಯ ಒಳಲೆಯಲ್ಲಿ ನಾನೇ ಕುಡಿಸಿದೆ. ಅವಳು ಚಪ್ಪರಿಸಿದಳು. ನಾವೆಲ್ಲ ನಕ್ಕೆವು.

ಐದಾರು ವರ್ಷ ಆ ನೀರು ಕುಡಿದೆವು. ಮನೆಯ ಸಾರು ಅಷ್ಟು ಚೆನ್ನಾಗಿ ಹಿಂದೆಂದೂ ಆಗಿರಲಿಲ್ಲ. ಅನ್ನ ಹೂವಿನಂತೆ ಅರಳುತ್ತಿತ್ತು, ಸೋಪು ಬೇಗ ನೊರೆ ಕಟ್ಟುತ್ತಿತ್ತು. ಆ ವರ್ಷಗಳ ಒಂದು ಚಿತ್ರ ನನ್ನಲ್ಲಿ ಉಳಿದಿದೆ. ಮಗಳಿಗೆ ನಾಲ್ಕು ವರ್ಷ ಆದಾಗ ಅಂಗನವಾಡಿಯಲ್ಲಿ ನದಿಯ ಚಿತ್ರ ಬರೆದು ಅದಕ್ಕೆ ಕೆಂಪು ಬಣ್ಣ ತುಂಬಿದ್ದಳು. ಮೇಲಿನಿಂದ ಹರಿದು ಬರುವ ನೀರೆಂದರೆ ಅವಳು ಕಂಡದ್ದು ಅದೊಂದೇ. ಇವಳಿಗೆ ನದಿ ತೋರಿಸಲೇಬೇಕೆಂದು ನಾನು ಹಠ ಹಿಡಿದೆ. ಒಂದು ಸೋಮವಾರ ಎಲ್ಲರೂ ಹೊಸಪೇಟೆಗೆ ಹೋಗಿ ಅಲ್ಲಿಂದ ಹಂಪಿಯ ಬಸ್ಸು ಹತ್ತಿದೆವು.

ಹೊಳೆಯಲ್ಲಿ ನೀರು ಹೆಚ್ಚಿರಲಿಲ್ಲ, ಬಂಡೆಗಳ ನಡುವೆ ಸುತ್ತಿ ಸುಳಿದು ಹರಿಯುತ್ತಿತ್ತು. ಮಗಳು ದಂಡೆಯಲ್ಲಿ ನಿಂತು ಬಹಳ ಹೊತ್ತು ನೋಡಿ, "ಅವ್ವಾ, ಇದಕ್ಕ ಬಣ್ಣ ಯಾಕ ಹಚ್ಚಿಲ್ಲ?" ಎಂದು ಕೇಳಿದಳು. ಅತ್ತೆ ಅಷ್ಟರಲ್ಲಿ ಮೂರು ಕಲ್ಲು ಹೂಡಿ ಸೆರಗಿನ ಗಂಟು ಬಿಚ್ಚಿದ್ದರು. ತಪ್ಪಲೆಯನ್ನೂ ಚೀಲದಲ್ಲಿ ತಂದಿದ್ದರು. "ಹಿಟ್ಟು ಇಲ್ಲಲ್ರೀ ಅತ್ತೀ, ಹೊತ್ತು ಹೆಂಗ ತಿಳೀತೈತಿ?" ಎಂದೆ. "ಸುಮ್ನ ಬಡಿ, ಗಾಳಿಯಾಗ" ಎಂದರು. ಹಂಪಿಯ ಬಂಡೆಯ ಮೇಲೆ ಕೂತು ಇಲ್ಲದ ಹಿಟ್ಟಿನಲ್ಲಿ ಇಲ್ಲದ ರೊಟ್ಟಿ ಬಡಿದೆ. ಇಲ್ಲದ ಹಂಚಿಗೆ ಹಾಕಿದೆ, ಮಗುಚಿದೆ, ತೆಗೆದಿಟ್ಟೆ. ದಾರಿಯಲ್ಲಿ ಹೋಗುತ್ತಿದ್ದ ವಿದೇಶಿ ಹೆಂಗಸೊಬ್ಬಳು ಇದೇನೋ ಪೂಜೆ ಎಂದುಕೊಂಡು ನಮ್ಮ ಹತ್ತಿರ ಕೂತು ತಾನೂ ಕೈ ಆಡಿಸತೊಡಗಿದಳು. ಮಗಳು ಬಿದ್ದು ಬಿದ್ದು ನಕ್ಕಳು, ಬಾಯಿ ತುಂಬ ಹಾಲುಹಲ್ಲು, ಬಿಸಿಲಲ್ಲಿ ಬೆಳ್ಳಗೆ. ಚಿಕ್ಕವಳಿದ್ದಾಗ ಅಡ್ಡ ಕೈ ಇಲ್ಲದೆ ಅವಳು ನಕ್ಕದ್ದು ನನಗೆ ಸ್ಪಷ್ಟವಾಗಿ ನೆನಪಿರುವುದು ಆ ದಿನವೇ.

ಎಂಟನೆಯ ರೊಟ್ಟಿಗೆ ಬೇಳೆ ಬೆಂದಿತು. ಅತ್ತೆ ಮೀಸೆ ಇಲ್ಲದಿದ್ದರೂ ಮೀಸೆ ತಿರುವುವವರ ಹಾಗೆ ನಕ್ಕು, "ತುಂಗಭದ್ರಿಗಿಂತ ನಮ್ಮ ಬೋರ ಎರಡು ರೊಟ್ಟಿ ಮುಂದ ಐತಿ ನೋಡು" ಎಂದರು. ಓಣಿಗೆ ಹಿಂತಿರುಗಿ ಎಲ್ಲರಿಗೂ ಇದನ್ನೇ ಹೇಳಿದರು.

ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರತೊಡಗಿದಾಗ ಮಗಳಿಗೆ ಆರು ದಾಟಿತ್ತು. ಮುಂದಿನ ಎರಡು ಹಲ್ಲುಗಳ ಮೇಲೆ ಸುಣ್ಣ ಬಳಿದಂತೆ ಗೆರೆ. ಮೊದಲು ಹಾಲಿನ ಕಲೆ ಎಂದುಕೊಂಡೆ. ತಿಂಗಳುಗಳು ಕಳೆದಂತೆ ಗೆರೆಗಳು ಚಹಾದ ಬಣ್ಣಕ್ಕೆ ತಿರುಗಿದವು. ಕೆಂಪು ಧೂಳೇ ಹಲ್ಲಿಗೆ ಹತ್ತಿದೆ ಎಂದು ನಾನು ತೀರ್ಮಾನಿಸಿದೆ. ಅಲ್ಲಿ ಯಾವುದಕ್ಕೆ ತಾನೆ ಧೂಳು ಹತ್ತಿರಲಿಲ್ಲ? ಪ್ರತಿ ಬೆಳಗ್ಗೆ ಅವಳನ್ನು ಕಾಲಿನ ನಡುವೆ ಕೂರಿಸಿಕೊಂಡು ಇದ್ದಿಲು, ಉಪ್ಪು ಹಾಕಿ ತಿಕ್ಕಿದೆ. ಅವಳು ಅತ್ತಳು. ಒಸಡಿನಿಂದ ರಕ್ತ ಬಂತು. "ಹಲ್ಲು ತಿಕ್ಕಲಿಕ್ಕೂ ಮೈಗಳ್ಳತನ" ಎಂದು ಬೈದು ಇನ್ನೂ ಜೋರಾಗಿ ತಿಕ್ಕಿದೆ. ಆಮೇಲೆ ಬಾಯಿ ಮುಕ್ಕಳಿಸಲು ಕೊಟ್ಟದ್ದು ಅದೇ ಬೋರಿನ ನೀರು. ಇದನ್ನು ಬರೆಯದಿದ್ದರೆ ಉಳಿದದ್ದನ್ನು ಬರೆದೂ ಸುಳ್ಳು ಹೇಳಿದಂತೆ. ಅವಳು ಬಾಯಿಗೆ ಕೈ ಅಡ್ಡ ಹಿಡಿಯಲು ಕಲಿತದ್ದು ಶಾಲೆಯವರಿಗೆ ಹೆದರಿ ಅಲ್ಲ, ನನಗೆ ಹೆದರಿ.

ಓಣಿಯ ಬೇರೆ ಮಕ್ಕಳ ಹಲ್ಲಿನಲ್ಲೂ ಅದೇ ಗೆರೆಗಳು ಮೂಡಿದ್ದವು. ಪ್ರತಿಯೊಬ್ಬ ತಾಯಿಯೂ ತನ್ನ ಮಗುವಿನದು ಮಾತ್ರ ಹೀಗೆ ಎಂದು ಮುಚ್ಚಿಟ್ಟುಕೊಂಡಿದ್ದಳು. ಶಾಲೆಗೆ ತಪಾಸಣೆಗೆಂದು ಆರೋಗ್ಯ ಇಲಾಖೆಯ ಒಬ್ಬ ಹುಡುಗಿ ಬಂದಳು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಬಾಯಿ ತೆರೆಸಿ ನೋಡಿದ ಮೇಲೆ, ಎಲ್ಲರ ಮನೆ ಯಾವ ಓಣಿ ಎಂದು ಕೇಳಿಕೊಂಡು ಸೀದಾ ನಮ್ಮಲ್ಲಿಗೆ ನಡೆದು ಬಂದಳು. ಅವಳ ಕೈಯಲ್ಲಿ ಒಂದು ಸಣ್ಣ ಪೆಟ್ಟಿಗೆ, ಅದರಲ್ಲಿ ಗಾಜಿನ ಕೊಳವೆಗಳು.

"ನೀವು ಕುಡಿಯೋ ನೀರು ಒಂಚೂರು ಕೊಡ್ರಿ ಅಜ್ಜಿ."

ಅತ್ತೆ ಹೆಮ್ಮೆಯಿಂದಲೇ ತಂಬಿಗೆ ತುಂಬಿ ಕೊಟ್ಟರು. ಇನ್ನೊಬ್ಬಳು ನೀರು ನೋಡುವವಳು ಬಂದಿದ್ದಾಳೆ ಎಂದು ಅವರಿಗೆ ಸಲಿಗೆ ಕೂಡ ಹುಟ್ಟಿತ್ತು. ಹುಡುಗಿ ಕೊಳವೆಗೆ ನೀರು ಹಾಕಿ, ಅದಕ್ಕೆ ಕೆಲವು ಹನಿ ಗುಲಾಬಿ ಬಣ್ಣದ ಔಷಧಿ ಬಿಟ್ಟಳು. ಗುಲಾಬಿ ಬಣ್ಣ ಉಳಿದರೆ ಒಳ್ಳೆಯದು, ಹಳದಿಗೆ ತಿರುಗಿದರೆ ಕೆಟ್ಟದ್ದು ಎಂದು ಮೊದಲೇ ಹೇಳಿದ್ದಳು. ನಾವು ಬಾಗಿ ನೋಡುತ್ತಿದ್ದೆವು. ಗುಲಾಬಿ ನಿಧಾನವಾಗಿ, ಹೊತ್ತು ಇಳಿದಂತೆ, ಹಳದಿಯಾಯಿತು. ಹಳೇ ಬಾವಿಯ ಕೆಂಪು ನೀರನ್ನೂ ತರಿಸಿದಳು. ಬಟ್ಟೆಯಲ್ಲಿ ಸೋಸಿ ಕೊಳವೆಗೆ ಹಾಕಿದಳು. ಅದು ಗುಲಾಬಿಯಾಗಿಯೇ ನಿಂತಿತು.

"ಬೋರಿನ ನೀರಿನಾಗ ಫ್ಲೋರೈಡ್ ಭಾಳ ಐತ್ರಿ. ಮಕ್ಕಳ ಹಲ್ಲು ಅದಕ್ಕ ಹಿಂಗ ಆಗ್ಯಾವು. ಹಿಂಗ ಕುಡಕೊಂತ ಹೋದ್ರ ಮುಂದ ಎಲುವಿಗೂ ಹತ್ತತೈತಿ."

"ಆರು ರೊಟ್ಟಿ ನೀರು ಅದು!" ಅತ್ತೆಯ ಧ್ವನಿ ಏರಿತು. "ಬೇಳಿ ಕರಗಿ ಹೋಗ್ತೈತಿ. ನೀ ನಿನ್ನೆ ಬಂದಾಕಿ, ನಿನಗೇನು ಗೊತ್ತೈತಿ?"

ಹುಡುಗಿ ಸಿಟ್ಟಾಗಲಿಲ್ಲ. ಕಟ್ಟೆಯ ಮೇಲೆ ಅತ್ತೆಯ ಪಕ್ಕ ಕೂತಳು. "ಅದಕ್ಕೇ ಕರಗ್ತೈತ್ರಿ ಅಜ್ಜಿ. ಆಳದ ನೀರಿನಾಗ ಸೋಡಾದ ಗುಣ ಇರ್ತೈತಿ, ಬೇಳಿ ಜಲ್ದಿ ಬೇಯ್ತೈತಿ. ಆ ಗುಣದ ಜೋಡಿನ ಈ ಫ್ಲೋರೈಡೂ ಬರ್ತೈತಿ. ಮೊದಲು ಮಳಿ ಸರಿಯಾಗಿ ಆಗತಿತ್ತು, ಮ್ಯಾಲಿನ ನೀರು ಸಾಕಾಗತಿತ್ತು, ನಿಮ್ಮ ಬೇಳಿ ಖರೇನ ಹೇಳತಿತ್ತು. ಈಗ ಹವಾ ಬದಲಾಗೈತಿ. ಮಳಿ ಕೈ ಕೊಟ್ಟಂಗ ನಾವು ಆಳಕ್ಕ ಇಳಿತೀವಿ. ಆಳದಾಗಿನ ನೀರು ಎಷ್ಟೋ ವರ್ಷದಿಂದ ಕಲ್ಲಿನ ಜೋಡಿ ಇದ್ದದ್ದು, ಕಲ್ಲಿನ ವಿಷ ಕುಡದೈತಿ. ನಿಮ್ಮ ತಪ್ಪಲ್ಲ ಬಿಡ್ರಿ."

ನಿಮ್ಮ ತಪ್ಪಲ್ಲ ಎಂದು ಅವಳು ಹೇಳಿದಳು. ನಾನು ಹೇಳಲಿಲ್ಲ. ಹಳೇ ಬಾವಿಯ ಕೆಂಪು ಬರೀ ಮಣ್ಣು, ಮಡಿಸಿದ ಬಟ್ಟೆಯಲ್ಲಿ ಸೋಸಿ ಚೆನ್ನಾಗಿ ಕುದಿಸಿ ಕುಡಿಯಿರಿ ಎಂದು ಹೇಳಿ ಅವಳು ಹೋದ ಮೇಲೆ ಅತ್ತೆಯ ಮುಂದೆ ನಿಂತು ನಾನು ಬಾಯಿಗೆ ಬಂದದ್ದು ಅಂದೆ. "ನೀರು ನೋಡಿ ನನ್ನ ತಂದ್ರಿ. ಹಂಗ ನೀರು ನೋಡಿ ನನ್ನ ಮಗಳ ಬಾಯಿ ಸುಟ್ರಿ" ಎಂದೆ. ಬೆಳ್ಳಿ ಒಳಲೆಯಲ್ಲಿ ಕುಡಿಸಿದ ಕೈ ನನ್ನದೇ ಎಂದು ಗೊತ್ತಿದ್ದೂ ಅಂದೆ. ಅವರು ಮೊಮ್ಮಗಳನ್ನು ಕರೆದು ಬಾಯಿ ತೆರೆಯಲು ಹೇಳಿದರು. ಅವಳು ತೆರೆಯಲಿಲ್ಲ.

ಮರುದಿನ ಬೆಳಗ್ಗೆ ಅತ್ತೆ ಹಿತ್ತಾಳೆ ತಪ್ಪಲೆ ಕಂಕುಳಲ್ಲಿ ಇಟ್ಟುಕೊಂಡು ಹೊರಟರು. ಎಲ್ಲಿಗೋ ಹೇಳಲಿಲ್ಲ. ನಾನು ಬಾಗಿಲಲ್ಲಿ ನಿಂತು ನೋಡಿದೆ. ಓಣಿಯ ಮೊದಲ ಮನೆಯ ಮುಂದೆ ನಿಂತರು, ಒಳಗಿನವರು ಹೊರಗೆ ಬಂದರು. ಎರಡನೆಯ ಮನೆ, ಮೂರನೆಯ ಮನೆ. ಹತ್ತಿರದ ಮನೆಗೆ ಬಂದಾಗ ಮಾತು ಕೇಳಿಸಿತು.

"ನನ್ನ ಮಾತು ಕೇಳಿ ಆ ನೀರು ಕುಡದ್ರಿ. ನನ್ನ ಬೇಳಿ ಸುಳ್ಳು ಹೇಳ್ತು. ಇವತ್ತಿಂದ ಬ್ಯಾಡ್ರಿ. ಹಳೇ ಬಾವಿದ ಕುಡೀರಿ."

ಆ ಮನೆಯ ಹೆಂಗಸು ಮೂರು ಮಕ್ಕಳ ತಾಯಿ, ಮಾತು ಖಾರ. "ಅಷ್ಟು ಮೆಟ್ಟಲ ಇಳದು, ಆ ರಾಡಿ ಹೊತ್ಕೊಂಡು ಬಂದು, ಸೋಸಿ, ಕುದಿಸಿ ಕುಡೀಬೇಕೇನ್ರಿ? ರಸ್ತಿ ದಾಟಿದ್ರ ಸಿಗೋ ನಲ್ಲಿ ಬಿಟ್ಟು? ಯಾರು ಹೊರ್ತಾರ?"

"ನಾ ಹೊರ್ತೀನಿ" ಎಂದರು ಅತ್ತೆ.

ಮಾತಿಗೆ ಅಂದದ್ದಿರಬೇಕು ಎಂದುಕೊಂಡೆ. ಅಲ್ಲ. ಮೊಣಕಾಲು ನೋವಿನ ಮುದುಕಿ ಆ ದಿನವೇ ಬಾವಿಗೆ ಇಳಿದರು. ಒಂದು ಕೊಡ ಆ ಮನೆಗೆ, ಒಂದು ಕೊಡ ಪಕ್ಕದ ಮನೆಗೆ, ಒಂದು ನಮಗೆ. ಇಳಿಯುವುದು, ಹತ್ತುವುದು. ನಡುವೆ ಮೆಟ್ಟಿಲ ಮೇಲೆ ಕೂತು ಉಸಿರು ತೆಗೆದುಕೊಳ್ಳುವುದು. ಎರಡನೆಯ ದಿನವೂ ಹೊತ್ತರು. ನಾನು ಎರಡು ದಿನ ಅಡುಗೆಮನೆಯ ಕಿಟಕಿಯಿಂದ ನೋಡಿದೆ, ಕೆಳಗೆ ಇಳಿಯಲಿಲ್ಲ. ನನ್ನ ಸಿಟ್ಟು ಅಷ್ಟು ಕೆಟ್ಟದ್ದು. ಮೂರನೆಯ ದಿನ ಮಗಳು ತನ್ನ ಪುಟ್ಟ ತಂಬಿಗೆ ಹಿಡಿದು ಅಜ್ಜಿಯ ಹಿಂದೆ ಹೋದದ್ದು ಕಂಡಿತು. ಆಗ ನಾನೂ ಕೊಡ ಎತ್ತಿಕೊಂಡೆ. ಬಾವಿಯ ನಡುಮೆಟ್ಟಿಲಲ್ಲಿ ಅತ್ತೆಯ ಸೊಂಟದಿಂದ ಕೊಡ ಇಸಿದುಕೊಂಡೆ. ಅವರು ಕೊಟ್ಟರು. ಪಾರಿವಾಳಗಳು ಗುಟುರು ಹಾಕುತ್ತಿದ್ದವು. ಆ ವಾರ ಮುಗಿಯುವುದರೊಳಗೆ ಖಾರ ಮಾತಿನ ಹೆಂಗಸೂ ಸೇರಿ ಓಣಿಯ ಹೆಂಗಸರೆಲ್ಲ ಮೆಟ್ಟಿಲ ಮೇಲೆ ಸಾಲಾಗಿ ನಿಂತು ಕೈಯಿಂದ ಕೈಗೆ ಕೊಡ ದಾಟಿಸುತ್ತಿದ್ದರು.

ಹಳೇ ಸೀರೆಯನ್ನು ಎಂಟು ಮಡಿಕೆ ಮಾಡಿ ಸೋಸುತ್ತಿದ್ದೆವು. ಸೋಸಿದ ಬಟ್ಟೆಗಳನ್ನು ಹಿಂಡಿ ಹಗ್ಗದ ಮೇಲೆ ಹಾಕುತ್ತಿದ್ದೆವು. ಬೆಳಗಿನ ಗಾಳಿಗೆ ಓಣಿಯ ಉದ್ದಕ್ಕೂ ಕೆಂಪು ಬಟ್ಟೆಗಳು ಹಾರಾಡುತ್ತಿದ್ದವು, ಯಾವುದೋ ಹಬ್ಬಕ್ಕೆ ಸಿಂಗರಿಸಿದಂತೆ. ಲಾರಿಯವರು ಇಳಿದು ಏನು ವಿಶೇಷ ಎಂದು ಕೇಳಿದ್ದೂ ಉಂಟು. ಸಾರು ಮಾತ್ರ ಕೆಟ್ಟಿತು. ಬೇಳೆ ಎಷ್ಟು ಕುದಿಸಿದರೂ ಹಲ್ಲಿಗೆ ಸಿಗುತ್ತಿತ್ತು. ಊಟಕ್ಕೆ ಕೂತಾಗ ಮಗಳು ಬೇಳೆಯನ್ನು ಕಟಕಟ ಕಡಿಯುತ್ತ ಅಜ್ಜಿಯ ಕಡೆ ನೋಡುತ್ತಿದ್ದಳು. ಅತ್ತೆ, "ಹಂಗ ಇರಲಿ, ಗಟ್ಟಿ ಇರಲಿ" ಎನ್ನುತ್ತಿದ್ದರು.

ಹಲವು ವರ್ಷಗಳ ಮೇಲೆ ನದಿಯ ನೀರು ಪೈಪಿನಲ್ಲಿ ಓಣಿಗೆ ಬಂತು. ಈಗಲೂ ಕೆಲವು ಬೇಸಿಗೆಯಲ್ಲಿ ವಾರಗಟ್ಟಲೆ ಬರುವುದಿಲ್ಲ, ಆಗ ಮತ್ತೆ ಮೆಟ್ಟಿಲು ಇಳಿಯುತ್ತೇವೆ. ಪೈಪಿನ ನೀರು ಬಂದ ದಿನ ಹಳೆಯ ಅಭ್ಯಾಸದಂತೆ ಯಾರೋ ತಂಬಿಗೆ ತಂದು ನಮ್ಮ ಕಟ್ಟೆಯ ಮೇಲೆ ಇಟ್ಟರು. ಅತ್ತೆ ಅದನ್ನು ಮುಟ್ಟಲಿಲ್ಲ. "ಆ ಹುಡುಗಿನ್ನ ಕರೀರಿ, ಕೊಳವಿ ತರಲಿ" ಎಂದು ಎದ್ದು ಒಳಗೆ ಹೋದರು. ಹಿತ್ತಾಳೆ ತಪ್ಪಲೆಯನ್ನು ಅವರು ಆಮೇಲೆ ಒಲೆಗೆ ಇಡಲೇ ಇಲ್ಲ. ಅದರಲ್ಲಿ ಮಗಳು ತುಳಸಿ ಹಾಕಿದಳು.

ಮಗಳು ಬೆಳೆದಳು. ಮುಂದಿನ ಹಲ್ಲುಗಳ ಕಂದು ಗೆರೆ ಹೋಗಲಿಲ್ಲ. ಬಳ್ಳಾರಿಯ ದಂತವೈದ್ಯರು ಮೇಲೆ ಏನಾದರೂ ಹಚ್ಚಿ ಮುಚ್ಚಬಹುದು ಎಂದರು, ಅವಳೇ ಬೇಡ ಎಂದಳು. ಕೈ ಅಡ್ಡ ಹಿಡಿಯುವುದನ್ನೂ ಬಿಡಲಿಲ್ಲ. ಆ ಹೊತ್ತಿಗೆ ಅತ್ತೆಯ ಕಣ್ಣು ಹೋಗಿತ್ತು. ಪೊರೆ ತೆಗೆಸಿದ್ದರೂ ಬೆಳಕು ನೆರಳು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಕಟ್ಟೆಯ ಮೇಲೆ ಕೂತು ರಸ್ತೆಯ ಸದ್ದು ಕೇಳುತ್ತಿದ್ದರು. ಲಾರಿಗಳು ಕಮ್ಮಿಯಾಗಿದ್ದವು, ಮಲ್ಲಿಗೆ ಮತ್ತೆ ಬಿಳಿಯಾಗಿತ್ತು. ಅದು ಅವರಿಗೆ ಕಾಣಲಿಲ್ಲವಲ್ಲ ಎಂದು ನನಗೆ ಬಹಳ ದುಃಖವಾಗುತ್ತಿತ್ತು.

ಒಂದು ಮಧ್ಯಾಹ್ನ, ಹತ್ತೊಂಬತ್ತಾಗಿದ್ದ ಮಗಳು ದವಡೆ ಹಿಡಿದುಕೊಂಡು ಕಾಲೇಜಿನಿಂದ ಬಂದಳು. ನೋವು ತಡೆಯಲಾಗುತ್ತಿಲ್ಲ ಎಂದಳು. ಅವಳನ್ನು ಬಾಗಿಲ ಬೆಳಕಿಗೆ ನಿಲ್ಲಿಸಿ ಬಾಯಿ ತೆರೆಸಿದೆ. ಎಲ್ಲಕ್ಕಿಂತ ಹಿಂದೆ, ಒಸಡು ಸೀಳಿಕೊಂಡು ಕಡೆಯ ದವಡೆಹಲ್ಲು ಮೇಲೆ ಬರುತ್ತಿತ್ತು. ನಾನು ನೋಡುತ್ತಲೇ ನಿಂತೆ. ಅದರ ಮೇಲೆ ಒಂದು ಗೆರೆಯೂ ಇರಲಿಲ್ಲ. ತಡವಾಗಿ ಕಟ್ಟಿಕೊಂಡ ಹಲ್ಲು ಅದು, ನಾವು ಮೆಟ್ಟಿಲಿಳಿದು ಹೊತ್ತು ತಂದ ನೀರಿನಲ್ಲಿ.

"ಏನಾತು? ಏನೈತಿ?" ಅತ್ತೆ ಕಟ್ಟೆಯಿಂದ ಕೇಳಿದರು.

"ಹೊಸ ಹಲ್ಲು ಬಂದೈತ್ರಿ."

ಅವರು ನಮ್ಮ ಕಡೆ ಮುಖ ತಿರುಗಿಸಿದರು. "ಯಾವ ಬಣ್ಣ ಐತಿ?"

"ಬೆಳ್ಳಗ ಐತ್ರಿ ಅತ್ತೀ."

"ಕಣ್ಣಿಲ್ಲದಾಕಿ ಅಂತ ಸುಳ್ಳು ಹೇಳಬ್ಯಾಡ."

ಮಗಳು ನನ್ನ ಕೈ ಬಿಡಿಸಿಕೊಂಡು ಹೋಗಿ ಅಜ್ಜಿಯ ಮುಂದೆ ನೆಲದ ಮೇಲೆ ಕೂತಳು. ಏಳು ವರ್ಷದವಳಿದ್ದಾಗ ಅಜ್ಜಿಗೆ ತೆರೆಯದ ಬಾಯಿಯನ್ನು ಅಗಲವಾಗಿ ತೆರೆದಳು. ಅಜ್ಜಿಯ ಕೈ ಹಿಡಿದು ತಾನೇ ಒಳಗೆ ಇಟ್ಟುಕೊಂಡಳು. ಅತ್ತೆಯ ಬೆರಳುಗಳು ನಿಧಾನವಾಗಿ ಮುಂದಿನ ಒರಟು ಹಲ್ಲುಗಳನ್ನು ದಾಟಿ, ಒಳಗೆ ಸರಿದು, ಹೊಸ ಹಲ್ಲನ್ನು ಹುಡುಕಿಕೊಂಡವು. ಹೆಬ್ಬೆರಳು, ತೋರುಬೆರಳು. ಬೇಳೆ ಒತ್ತುತ್ತಿದ್ದ ಹಾಗೆಯೇ ಒತ್ತಿದರು. ಇನ್ನೊಮ್ಮೆ ಒತ್ತಿದರು.

"ಬೆಂದಿಲ್ಲ" ಎಂದರು. "ಬೆಂದಿಲ್ಲ ಬಿಡವ್ವಾ ಇದು."

ಅವರು ಅಳುತ್ತಿದ್ದರು. ಬಾಯಲ್ಲಿ ಅಜ್ಜಿಯ ಬೆರಳು ಇದ್ದಂತೆಯೇ ಮಗಳು ನಗತೊಡಗಿದಳು, ಅವಳ ಎರಡೂ ಕೈ ಮಡಿಲಲ್ಲಿ ಇದ್ದವು.